ಎಳ್ಳಮಾಸಿಯ ಬೀಟು

ಕೈಗೆ ತಣ್ಣಗೆ ಹತ್ತುತ್ತದೆ ಈ ಬೀಗ, ಜಗ್ಗಿ ನೋಡಿದೆ, ಗಟ್ಟಿಯಿದೆ, ಮುಂದಿನದೂ ಗಟ್ಟಿ, ಅದರ ಮುಂದಿನ ಮನೆಯವರು ಬಾಗಿಲ ಕೊಂಡಿಗೆ ಸೈಕಲ್ಲಿನ ಸರಪಳಿ ಸುತ್ತಿ ಹೋಗಿದ್ದಾರೆ, ಹೊಲಕ್ಕೆ ಹೋಗುವ ಅವಸರದಲ್ಲಿ ಬೀಗ ಸಿಕ್ಕಿರಲಿಕ್ಕಿಲ್ಲ, ಎಳ್ಳಮಾವಾಸ್ಯೆ ಅಂದರೆ ಭಾಲ್ಕಿಯ ಈ ಓಣಿಯಲ್ಲಿ ಮನೆ ಕಾಯಲು ಯಾರೂ ಉಳಿಯುವುದಿಲ್ಲ, ನಸುಕಿನ ಚಳಿಯಲ್ಲೇ ಟ್ರ್ಯಾಕ್ಟರು, ಟಂಟಂ, ಒಂದೆರಡು ಬಂಡಿ, ಬುಟ್ಟಿಗಳ ಮೇಲೆ ಬಿಳಿ ಬಟ್ಟೆ ಮುಚ್ಚಿಕೊಂಡು ಹೊರಬಿದ್ದವು, ಬಜ್ಜಿಯ ವಾಸನೆ ಮಾತ್ರ ಅವರ ಜೊತೆ ಹೋಗದೆ ಇಲ್ಲೇ ಉಳಿದಿದೆ — ಹಸಿ ತೊಗರಿ, ಹಸಿ ಕಡಲೆ, ಮೆಂತ್ಯಪಲ್ಲೆ, ಹುಣಸೆಯ ಹುಳಿ — ಮನೆಗಳಿಗೆ ಬೀಗ ಬಿದ್ದ ದಿನ ಕಳ್ಳರಿಗೂ ಹಬ್ಬ, ಅಂದರು ಸಾಹೇಬರು ನಿನ್ನೆ ಠಾಣೆಯ ಹಾಜರಿಯಲ್ಲಿ, ಒಂದು ಕೀಲಿ ಒಡದ್ರೂ ಆ ಬೀಟಿನವರಿಗೆ ಮೆಮೊ, ತಿಳೀತೇನು, ತಿಳೀತ್ರಿ ಸಾರ್ ಅಂದೆ, ಇದು ನನ್ನ ಬೀಟೂ ಅಲ್ಲ, ಜೊತೆಯ ಕಾನ್‌ಸ್ಟೇಬಲ್ ಸುವರ್ಣಾಳದು, ಬಕ್ರೀದಿನ ದಿನ ನನ್ನ ಬದಲಿಗೆ ಆಕೆ ರೈಲು ನಿಲ್ದಾಣದಲ್ಲಿ ನಿಂತಿದ್ದಳು, ನಿನ್ನ ಈದ್ ನಂದು, ನನ್ನ ಎಳ್ಳಮಾಸಿ ನಿಂದು, ಮುಸರ್ರತ, ಹೆಂಗದ ನಮ್ಮ ವ್ಯಾಪಾರ, ಎಂದು ನಕ್ಕಿದ್ದಳು, ಇವತ್ತಿಗೆ ಆಕೆಯ ಸಾಲ ತೀರುತ್ತದೆ, ಆದರೆ ಎಳ್ಳಮಾಸಿ ನನ್ನದೂ ಆಗಿತ್ತೆಂದು ಆಕೆಗೆ ನಾನು ಹೇಳಲೇ ಇಲ್ಲ.

ನನ್ನದೇ ಆಗಿತ್ತು, ಔರಾದಿನಲ್ಲಿ ಅಬ್ಬಾ ಎತ್ತುಗಳ ಕಾಲಿಗೆ ನಾಲ ಬಡಿಯುತ್ತಿದ್ದ ಕಾಲ, ನಾಲ ಬಡಿದವನನ್ನು ಬಿಟ್ಟು ಹೊಲದಲ್ಲಿ ಉಣ್ಣುವುದು ರೈತರಿಗೆ ಸರಿ ಬರುತ್ತಿರಲಿಲ್ಲ, ಶಿವರಾಜಪ್ಪ ಕಾಕಾ ಬಂಡಿ ಕಳಿಸುತ್ತಿದ್ದ, ಬಿಳಿಜೋಳ ಆಗಷ್ಟೇ ಹಾಲು ತುಂಬಿಕೊಂಡಿರುತ್ತಿತ್ತು, ನನ್ನ ತಲೆಗಿಂತ ಎತ್ತರ, ದಂಟಿನ ಸಣ್ಣ ಕೊಂಪಿ ಕಟ್ಟಿ, ಅದರೊಳಗೆ ಸುಣ್ಣ ಹಚ್ಚಿದ ಐದು ಕಲ್ಲು ಇಟ್ಟು ಪೂಜೆ ಮಾಡಿ, ಭೂಮಿಗೆ ಎಡೆಯ ಚರಗ ಚೆಲ್ಲಲು ಗಂಡಸರು ಹೊಲ ಸುತ್ತುವಾಗ ನಾನೂ ಹಿಂದೆ ಓಡುತ್ತಿದ್ದೆ, ತಂಗಿ ಆಯೆಶಾ ಆಗ ಕೂಸು, ಕಾಕಾನ ಹೆಗಲ ಮೇಲೆ, ಜೋಳದ ಎಲೆ ಹಿಡಿಯಲು ಹೋಗಿ ಅವನ ತಲೆಯ ಪಟಗವನ್ನೇ ಕಿತ್ತಿದ್ದಳು, ನಿಜಾಮೋದ್ದೀನ, ನಿನ್ನ ಮಗಳು ಈಗೇ ದರೋಡಿ ಮಾಡ್ಲತ್ತಾಳಪ್ಪ, ಅಂದ ಕಾಕಾ, ಎಲ್ಲರೂ ನಕ್ಕರು, ಅಂಬಲಿ ಮಜ್ಜಿಗೆಯ ಗಡಿಗೆ ಬಾಯಿಗೆ ಹಿಡಿದರೆ ಹಲ್ಲು ಜುಮ್ಮೆನ್ನುವ ತಂಪು — ಆ ಕೂಸು ಈಗ ಓಡಿ, ಹಾರಿ, ಗುಂಡು ಎಸೆದು, ಬರೆಯುವ ಪರೀಕ್ಷೆಯೂ ಪಾಸಾಗಿ ಕುಳಿತಿದೆ, ನಾಳೆ ಬೀದರಿನಲ್ಲಿ ಕಾಗದಪತ್ರ ತೋರಿಸಿದರೆ ನನ್ನ ಹಾಗೆಯೇ ಕಾನ್‌ಸ್ಟೇಬಲ್, ತೋರಿಸದಿದ್ದರೆ ರಾಹೀಲನ ಹೆಂಡತಿ, ಮೊಬೈಲ್ ಅಂಗಡಿ ಇದೆಯಂತೆ ಅವನದು, ಹುಡುಗ ಒಳ್ಳೆಯವನೇ ಅಂತೆ, ಆದರೆ ಪೊಲೀಸಿನಾಕಿ ನಮಗ ಬ್ಯಾಡ ಅಂದಿದ್ದಾರೆ ಅವನ ಮನೆಯವರು, ನೀ ಆ ನೌಕರಿಯೊಳಗ ಇದ್ದಾಕಿ, ನೀನೇ ಹೇಳು ಬೇಟಿ, ನೀ ಹೂಂ ಅಂದ್ರ ಬೀದರಕ್ಕ ಕಳಸ್ತೇನಿ, ಉಹೂಂ ಅಂದ್ರ ಅವರಿಗಿ ಜಬಾನ ಕೊಡ್ತೇನಿ, ಸಂಜಿ ಮಗ್ರಿಬ್ ನಮಾಜಿನ ಹೊತ್ತಿಗಿ ಫೋನ್ ಮಾಡ್ತೇನಿ, ಅಂದರು ಅಬ್ಬಾ ಇವತ್ತು ಬೆಳಿಗ್ಗೆ ಫೋನಿನಲ್ಲಿ, ಹಿಂದಿನಿಂದ ಆಯೆಶಾಳ ಉಸಿರು ಕೇಳುತ್ತಿತ್ತು.

ಏನು ಹೇಳಲಿ, ಸಂಬಳ ಬರುತ್ತದೆ, ಅಬ್ಬಾನ ಕಣ್ಣಿನ ಆಪರೇಷನ್ ಇದೇ ಸಂಬಳದಲ್ಲಿ ಆಯಿತು, ಮನೆಗೆ ಸ್ಲ್ಯಾಬು ಬಿತ್ತು, ಅದು ಖರೆ, ಬಂದೋಬಸ್ತಿನಲ್ಲಿ ದಿನವಿಡೀ ನಿಂತಾಗ ಮೂತ್ರಕ್ಕೆ ಹೋಗಲು ಜಾಗವಿಲ್ಲದೆ ನೀರು ಕುಡಿಯುವುದನ್ನೇ ಬಿಟ್ಟದ್ದೂ ಖರೆ, ಬಾಣಂತಿಯ ಹೆಣದ ಪಕ್ಕ ಪಂಚನಾಮೆ ಮುಗಿಯುವ ತನಕ ಕುಳಿತದ್ದು, ಮನೆಗೆ ಬಂದು ರೊಟ್ಟಿ ಮುರಿಯಲಾಗದೆ ಕೈ ತೊಳೆದುಕೊಂಡದ್ದು, ಇದನ್ನೆಲ್ಲ ಹೇಳಿದರೆ ಅಬ್ಬಾ ನಾಳೆಯೇ ಆಯೆಶಾಳ ನಿಶ್ಚಯದ ಮಿಠಾಯಿ ಹಂಚಿಬಿಡುತ್ತಾರೆ, ಮತ್ತೆ ಉಮೇರ — ಬೀದರಿನ ದವಾಖಾನೆಯಲ್ಲಿ ನೇಮಕಾತಿಯ ತಪಾಸಣೆಗೆ ಹೋದಾಗ ರಕ್ತ ತೆಗೆದವನು, ಇಷ್ಟು ಸಣ್ಣ ಸೂಜಿಗಿ ಕಣ್ಣು ಮುಚ್ಚಿದ್ರ ಕಳ್ಳರನ್ನ ಹ್ಯಾಂಗ ಹಿಡೀತೀರಿ, ಅಂದಿದ್ದ, ಕಳ್ಳರ ಕೈಯಾಗ ಸೂಜಿ ಇರೂದಿಲ್ರಿ, ಅಂದಿದ್ದೆ, ಆಮೇಲೆ ಎಷ್ಟೋ ಸಂಜೆ ಕೋಟೆಯ ಕಂದಕದ ಗೋಡೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದೆವು, ಅವನು ಸುಲಿದು ನನ್ನ ಅಂಗೈಗೆ ಹಾಕುತ್ತಿದ್ದ, ತಾನು ತಿನ್ನುತ್ತಿರಲಿಲ್ಲ, ಅವನ ತಾಯಿ ಅಕ್ತರಬೀ ನಮ್ಮ ಮನೆಗೆ ಬಂದು ಚಹಾ ಕುಡಿದು, ಹುಡುಗಿ ಪಸಂದ ಅದ, ಖಾಕಿ ಪಸಂದಿಲ್ಲ, ನೌಕರಿ ಬಿಟ್ಟ ಮರುದಿನ ನಿಕಾಹ್, ಅಂದಳು, ನಾನು ಅವನನ್ನು ನೋಡಿದೆ, ನೀ ಹ್ಯಾಂಗ ಹೇಳ್ತಿ ಹಂಗ, ಅಂದ, ಅಷ್ಟೇ, ಅವನು ಬಿಡು ಅನ್ನಲಿಲ್ಲ, ಇರಲಿ ಅಂತಲೂ ಅನ್ನಲಿಲ್ಲ, ಮೊನ್ನೆ ಬಂದೋಬಸ್ತಿಗೆ ಹೋದಾಗ ಬೀದರಿನಲ್ಲಿ ಕಂಡ, ಗಾಡಿಯ ಟ್ಯಾಂಕಿನ ಮೇಲೆ ಅವನ ಮಗು, ಪ್ಲಾಸ್ಟಿಕ್ಕಿನ ಕರಿ ಕನ್ನಡಕ ಹಾಕಿಕೊಂಡು ಕೂತಿತ್ತು, ನಾನು ಕೈ ಅಡ್ಡ ಹಿಡಿದು ಟ್ರಾಫಿಕ್ ನಿಲ್ಲಿಸಿದ್ದೆ, ಅವನೂ ಎಲ್ಲರ ಹಾಗೆ ನಿಂತ, ಕೈ ತೆಗೆದೆ, ಹೋದ — ಶೇಂಗಾ ಕಂಡರೆ ಈಗಲೂ ಅಂಗೈ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಏನ್ ಮೇಡಂಬಾಯಿ, ಇವತ್ತ ಊರು ಪೂರಾ ನಿಮ್ಮದೇ, ಬೇಕಾದ ಮನಿ ಆರಿಸ್ಕೋರಿ, ಮೂಲೆಯ ಚಹಾದಂಗಡಿಯಿಂದ ಖಾಸಿಂ ಅಲಿ ಕೂಗುತ್ತಾನೆ, ಮೊದಲ ಚಹಾ ಕೊಡ್ರಿ ಚಾಚಾ, ಅಂದರೆ, ಹಾಲಿನವನೂ ಹೊಲಕ್ಕ ಹೋಗ್ಯಾನ, ಬರೀ ಡಿಕಾಕ್ಷನ್ ಅದ, ನಿಮ್ಮ ಸಾಹೇಬರ ಮಾತಿನಂಗ, ಕಡಕ್, ಸಕ್ರಿ ಕಮ್ಮಿ, ಕುಡಿದೆ, ಬಿಸಿ ಗಂಟಲಿಗೆ ಇಳಿಯಿತು, ಅಂಗಡಿಯ ಎದುರಿನ ಎರಡಂತಸ್ತಿನ ಮನೆಯ ಬೀಗ ಹೊಸದು, ನನ್ನ ಮುಷ್ಟಿಯಷ್ಟು, ಜಗ್ಗಿದೆ — ಯಾರದು, ಒಳಗಿನಿಂದ ಹೆಣ್ಣು ದನಿ, ಲಾಠಿ ಗಟ್ಟಿಯಾಗಿ ಹಿಡಿದೆ, ಪೊಲೀಸ್, ಒಳಗ ಯಾರು, ನಾನ್ರಿ, ಈ ಮನಿ ಸೊಸಿ, ಶಶಿಕಲಾ, ಕಳ್ಳರು ಬಂದಿಲ್ರಿ, ನೀವು ಹೋಗ್ರಿ, ಬಾಗಿಲ ಪಕ್ಕದ ಕಿಟಕಿಯ ಸರಳಿಗೆ ನಾಲ್ಕು ಬೆರಳು ಬಂದವು, ಜೋಳದ ಹಿಟ್ಟು ಮೆತ್ತಿ ಒಣಗಿ ಬಿರುಕು ಬಿಟ್ಟ ಬೆರಳು, ಹೊರಗ ಕೀಲಿ ಯಾರು ಹಾಕ್ಯಾರ, ಅತ್ತಿ ಹಾಕ್ಯಾಳ್ರಿ, ಯಾಕ, ಹೊಲ ಔರಾದ ರಸ್ತಾಕ್ಕ ಅದರಿ, ಬಸ್ ಅಲ್ಲೇ ನಿಂದರ್ತದ, ಹ್ವಾದ ವರ್ಷ ಎಳ್ಳಮಾಸಿಗಿ ಉಣ್ಣಲಿಕ್ಕ ಕುಂತಾಕಿ ಎದ್ದು ಬಸ್ ಹತ್ತಿದ್ದೆ, ನಮ್ಮವ್ವನ ಹೊಲಕ್ಕ, ಕೈಯಾಗಿನ ಸಜ್ಜಿ ರೊಟ್ಟಿ ಕೈಯಾಗೇ ಇತ್ತರಿ, ಮರುದಿನ ಗಂಡ ಬಂದು ಕರಕೊಂಡು ಬಂದ, ಅವತ್ತಿನಿಂದ ಫೋನೂ ಇಲ್ಲ, ಹೊಸ್ತಿಲಾ ದಾಟಿಲ್ಲ, ಹಂಗಾದ್ರ ದಿನಾ ಕೀಲಿ ಹಾಕ್ತಾರೇನು, ಇಲ್ರಿ ಅಕ್ಕಾರ, ದಿನಾ ಅತ್ತಿ ಇರ್ತಾಳ, ಕೀಲಿ ಬೇಕಾಗೂದಿಲ್ಲ, ಇದನ್ನು ಆಕೆ ಅಳುತ್ತ ಹೇಳಲಿಲ್ಲ, ಅಂಗಡಿ ತೆರೆಯುವ ವೇಳೆ ಹೇಳುವವರ ಹಾಗೆ ಹೇಳಿದಳು, ಬುಟ್ಟಿ ನಾನೇ ಕಟ್ಟಿ ಕೊಟ್ಟೀನ್ರಿ, ಕಡುಬು ನಂದೇ, ಬಜ್ಜಿ ನಂದೇ, ಉಪ್ಪು ಹೆಚ್ಚಾತೋ ಏನೋ ಗೊತ್ತಿಲ್ಲ, ಕೈ ತೊಳೀಬೇಕಂದ್ರ ನೀರಿನ ಟಾಕಿ ಕೀಲಿಯಿಂದ ಹೊರಗದ.

ಸಾಹೇಬರಿಗೆ ಫೋನ್ ಹಚ್ಚಿದೆ, ಅವರೂ ಯಾರದೋ ಹೊಲದಲ್ಲಿದ್ದಾರೆ, ಹಿಂದೆ ಊಟದ ಗದ್ದಲ, ಆ ಮನಿ ಯಾರದಂತ ಗೊತ್ತದಿಲ್ಲ ನಿನಗ, ಕಂಪ್ಲೇಂಟ್ ಅದ ಏನು, ಇಲ್ರಿ ಸಾರ್, ಮತ್ತ ಅವರ ಮನಿ ವಿಷಯ ಅದು, ಸಂಜಿಗಿ ಬರ್ತಾರ, ನೀ ಕೀಲಿ ಒಡದು ಒಳಗಿನ ಬಂಗಾರ ಕಾಣದಂಗಾದ್ರ ಯಾರ ಹೆಸರು ಬರ್ತದ ವಿಚಾರ ಮಾಡು, ಫೋನ್ ಇಟ್ಟರು, ವಿಚಾರ ಮಾಡಿದೆ, ಇದು ಸುವರ್ಣಾಳ ಬೀಟು, ಓಣಿಯ ಒಂದು ಕೀಲಿಯೂ ಒಡೆಯದಂತೆ ಕಾಯುವುದು ಇವತ್ತಿನ ನನ್ನ ಕೆಲಸ, ಕಾಯ್ದರೆ ಯಾರೂ ಏನೂ ಅನ್ನುವುದಿಲ್ಲ, ಸಂಜೆ ಆ ಅತ್ತೆಯೇ ನನ್ನ ಕೈಗೊಂದು ಕಡುಬು ಇಡುತ್ತಾಳೆ, ಆ ಕಡುಬು ಬಾಯಿಗೆ ಹೋದರೆ ಮಗ್ರಿಬ್ ಹೊತ್ತಿಗೆ ಅಬ್ಬಾನಿಗೆ ಉಹೂಂ ಅನ್ನುವುದು ಸುಲಭ, ಬ್ಯಾಡ ಅಬ್ಬಾ, ಇದರಾಗ ಏನೂ ಇಲ್ಲ, ಹುಡುಗಿ ಸುಖವಾಗಿರಲಿ, ಅನ್ನಬಹುದು, ಈ ಕಿಟಕಿಯೊಳಗಿನವಳನ್ನೂ ಯಾರೋ ಹಾಗೇ ಅಂದು ಕಳಿಸಿರಬೇಕು, ಬೆರಳು ಇನ್ನೂ ಸರಳಿನ ಮೇಲೇ ಇವೆ, ಕರೆಯುವುದಿಲ್ಲ, ಬೇಡುವುದಿಲ್ಲ, ಹಿಡಿದುಕೊಂಡಿವೆ ಅಷ್ಟೇ — ಚಾಚಾ, ಇದ್ದಲಿ ಒಡೆಯೋ ಸುತ್ತಗಿ ಕೊಡ್ರಿ, ಅಂದೆ, ಖಾಸಿಂ ಅಲಿ ಕೊಟ್ಟ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕುಳಿತ, ನಾ ಏನೂ ನೋಡಿಲ್ಲ ನೋಡ್ರಿ, ಅಂದ, ನೋಡ್ರಿ ಚಾಚಾ, ನೀವೇ ಸಾಕ್ಷಿ, ಬಂಗಾರ ಕಳದಿಲ್ಲಂತ ಹೇಳಲಿಕ್ಕಾದ್ರೂ ನೋಡ್ರಿ, ಅಂದೆ, ಗೊಣಗುತ್ತ ಮತ್ತೆ ತಿರುಗಿದ, ಬೀಗ ಜಗ್ಗಲಿಲ್ಲ, ಚಿಲಕದ ಮೊಳೆಗಳೇ ಕಿತ್ತು ಬಂದವು, ಸದ್ದು ಖಾಲಿ ಓಣಿಯ ಉದ್ದಕ್ಕೂ ಹೋಯಿತು.

ಠಾಣಿಗಿ ಬರ್ತಿ ಏನವ್ವ, ಬ್ಯಾಡ್ರಿ, ಅವ್ವನ ಹೊಲಕ್ಕ ಹೋಗ್ತೇನಿ, ನಾಳಿ ಬಂದು ಬರದು ಕೊಡ್ತೀ ಏನು, ನೀ ಬರದು ಕೊಡದಿದ್ರ ನಾ ಒಡದದ್ದು ಬರೀ ಕೀಲಿ ಆಗ್ತದ, ಶಶಿಕಲಾ ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಕೂಡಿಸಿ ಕೂಡಿಸಿ ಓದಿದಳು, ಬರ್ತೇನ್ರಿ ಅಕ್ಕಾರ, ಅಂದಳು, ಬರಬಹುದು, ಬರದೆಯೂ ಇರಬಹುದು, ಬಾಗಿಲು ಕಣ್ಣಿಂದ ಮರೆಯಾಗದ ಹಾಗೆ ಮೂಲೆಯ ತನಕ ಹೋಗಿ ಔರಾದಿನ ಬಸ್ಸಿಗೆ ಕೈ ಎತ್ತಿದೆ, ನಿಲ್ದಾಣವಲ್ಲದ ಕಡೆ ನಿಂತಿತು, ಕಂಡಕ್ಟರ ಹೆಂಗಸರ ಪುಕ್ಕಟೆ ಟಿಕೀಟಿಗೆ ಆಕೆಯ ಆಧಾರ್ ಕೇಳಲು ಬಾಯಿ ತೆರೆದವನು ನನ್ನ ಖಾಕಿ ನೋಡಿ ಸುಮ್ಮನೆ ಟಿಕೀಟು ಹರಿದುಕೊಟ್ಟ, ಅಷ್ಟು ದೊಡ್ಡ ಬಸ್ಸಿನಲ್ಲಿ ಆಕೆ ಒಬ್ಬಳೇ, ಹಿಟ್ಟಿನ ಕೈಯಲ್ಲೇ ಸರಳು ಹಿಡಿದು ಕಿಟಕಿಗೆ ಕುಳಿತಳು, ತಿರುಗಿ ನೋಡಲಿಲ್ಲ, ತಿರುಗಿ ನೋಡಲಿ ಅನ್ನಿಸಿತು ನನಗೆ, ಅದರ ಜೊತೆ ನಾನೂ ಹತ್ತಬೇಕೆನ್ನಿಸಿತು, ದಾರಿಯುದ್ದಕ್ಕೂ ಜೋಳ, ಯಾರಾದರೂ ಕೈಬೀಸಿ ಬರ್ರಿ ಉಣ್ಣಾಕ ಅನ್ನುತ್ತಾರೆ ಇವತ್ತು, ಯಾರನ್ನೂ ನೀವು ಯಾರು ಅಂತ ಕೇಳುವುದಿಲ್ಲ.

ಈಗ ಈ ಮುರಿದ ಬಾಗಿಲಿಗೆ ನಾನೇ ಬೀಗ, ಬಿಟ್ಟು ಹೋಗುವ ಹಾಗಿಲ್ಲ, ನೆರಳು ಎದುರು ಗೋಡೆ ಹತ್ತಿತು, ಫೋನ್ ಬಂತು, ಕ್ಯಾ ಬೋಲ್ತೀ ಬೇಟಿ, ಅಂದರು ಅಬ್ಬಾ, ಛಲೋ ನೌಕರಿ ಅಂತ ನಾ ಹೇಳಂಗಿಲ್ಲ ಅಬ್ಬಾ, ನನಗ ನಾಳಿ ಮೆಮೊ ಬರ್ತದ, ಬದಲೀನೂ ಆಗಬಹುದು, ಮತ್ತ, ಅಂದರು, ಮತ್ತ ಏನಿಲ್ಲ, ಆಯೆಶಾಗ ಕಳಸ್ರಿ, ರಾಹೀಲನ ಮನಿಯವರು ಮತ್ತ ಬರೂದಿಲ್ಲ ಬೇಟಿ, ನಿನಗಾದಂಗೇ ಆಗ್ತದ, ಆಗ್ತದ ಅಬ್ಬಾ, ಆಕೀಗೂ ಅದನ್ನ ಹೇಳ್ರಿ, ಹೇಳಿಯೇ ಕಳಸ್ರಿ, ಹಿಂದಿನಿಂದ ಆಯೆಶಾಳ ದನಿ, ಆಪಾ, ಬೀದರಕ್ಕ ಮೊದಲ ಬಸ್ ಎಷ್ಟಕ್ಕ ಅದ — ಅಷ್ಟರಲ್ಲಿ ಓಣಿಯ ತುದಿಯಲ್ಲಿ ಟ್ರ್ಯಾಕ್ಟರಿನ ದೀಪ ತಿರುಗಿತು, ಖಾಲಿ ಬುಟ್ಟಿ ಹಿಡಿದು ಆ ಅತ್ತೆ ಇಳಿಯುತ್ತಾಳೆ, ಚಿಲಕ ನೋಡುತ್ತಾಳೆ, ನನ್ನನ್ನು ನೋಡುತ್ತಾಳೆ, ಕೀಲಿ ನಾನೇ ಒಡದೀನ್ರಿ ಅನ್ನಬೇಕು, ಆಮೇಲೆ ಮನೆಯೊಳಗಿನ ಒಂದೊಂದೂ ವಸ್ತು ಎಣಿಸಿ ಒಪ್ಪಿಸಬೇಕು, ಮಾತು ನಾಲಿಗೆಯ ಮೇಲೆಯೇ ಇದೆ, ಬಾಯಿ ತೆರೆದಿದ್ದೇನೆ, ಕಣ್ಣ ಮುಂದೆ ಆ ಬಸ್ಸಿನ ಕಿಟಕಿಯ ಸರಳು, ಅದರ ಮೇಲೆ ಬೆರಳು, ಹಿಟ್ಟು ಒಣಗಿದ ಬೆರಳು, ಗಾಳಿಗೆ ಹಿಟ್ಟು ಉದುರುತ್ತಿದೆ, ಬೆರಳು —