ಕುರಿಯ ಕೊಬ್ಬು

ನಮ್ಮ ಮಾವನವರಿಗೆ ತಿಳಿಯದ ವಿಷಯ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಒಂದು ದಿನ ಗಬ್ಬದ ಕುರಿಯೊಂದು ದೊಡ್ಡಿಗೆ ನುಗ್ಗುವಾಗ ಅವರ ಕಾಲು ತುಳಿಯಿತು. "ಇದಕ್ಕೆ ಕೊಬ್ಬು ಜಾಸ್ತಿಯಾಗಿದೆ, ಇಳಿಸ್ತೀನಿ" ಎಂದು ಕಾಳು ನಿಲ್ಲಿಸಿ, ಬರೀ ಒಣಹುಲ್ಲು ಹಾಕಿಸತೊಡಗಿದರು.

"ಹೊಟ್ಟೆ ನೋಡಿದ್ರೆ ಅವಳಿ ಇದ್ದ ಹಾಗಿದೆ, ಮಾವ" ಎಂದೆ. ನನಗೂ ಕೊಬ್ಬು ಎಂದರು.

ಈಯುವ ದಿನ ಹತ್ತಿರವಾದಾಗ ಕುರಿ ಮೇಲೇಳಲೇ ಇಲ್ಲ. ಪಶುವೈದ್ಯೆ ಬಂದು ಸ್ಕ್ಯಾನ್ ಮಾಡಿ, "ಲಿವರ್ ತುಂಬ ಕೊಬ್ಬು ಕಟ್ಟಿದೆ" ಎಂದರು.

ಮಾವನವರು ಮೀಸೆ ತಿರುವಿದರು. "ನಾನು ಮೊದಲೇ ಬಡ್ಕೊಂಡೆ! ಇವತ್ತಿಂದ ಹುಲ್ಲೂ ಬಂದ್."

"ಅಯ್ಯೋ, ಉಪವಾಸ ಕೆಡವಿದ್ದಕ್ಕೇ ಹೀಗಾಗಿರೋದು ಯಜಮಾನ್ರೇ! ಹೊಟ್ಟೆಯಲ್ಲಿರೋ ಮರಿಗಳಿಗೆ ಮೇವು ಸಾಲದೆ ಮೈಯಲ್ಲಿದ್ದ ಕೊಬ್ಬೆಲ್ಲ ಕರಗಿ ಲಿವರಿಗೆ ಇಳಿದಿದೆ" ಎನ್ನುತ್ತ ವೈದ್ಯೆ ಗ್ಲೂಕೋಸ್ ಏರಿಸಿದರು.

ಮಾವನವರು ನನ್ನ ಕಡೆ ತಿರುಗಿ ನಕ್ಕರು. "ಕೇಳಿದ್ಯಾ? ಹೊಟ್ಟೆಗಿಲ್ಲದವರಿಗೆ ಎಲ್ಲಾದ್ರೂ ಕೊಬ್ಬು ಬರುತ್ತಾ?"

"ಬರುತ್ತೆ ಮಾವ" ಎಂದೆ. "ಹಸಿದವರದ್ದು ಲಿವರಿಗೆ ಇಳಿಯುತ್ತೆ. ಹೊಟ್ಟೆ ತುಂಬಿದವರದ್ದು ಮಾತ್ರ ನೆತ್ತಿಗೇರೋದು."