ಮೆತ್ತನೆಯ ಮಣ್ಣು

"ಲೇ ಮಾಸ್ತ್ಯಾ, ಗುದ್ದಲಿ ಹಿಡಿದೀಯೋ, ಹೆಂಡ್ತಿ ಸೆರಗು ಹಿಡಿದೀಯೋ? ಮಧ್ಯಾಹ್ನ ಆತು, ಒಂದಡಿ ಇಳಿದಿಲ್ಲ ಬೋಳಿಮಗನೆ!"

ಪಂಚಾಯ್ತಿ ಮೆಂಬರ್ ಶಾಂತವೀರಪ್ಪ ಬೈಕಿನ ಮೇಲೆ ಕೂತೇ ಬೈದ. ಇಂಗುಗುಂಡಿ ಸರ್ಕಾರದ್ದು, ಜಾಗ ನಮ್ಮ ಕೇರಿಯ ಹೆಣ ಹೂಳುವ ದಿಬ್ಬ. ಮಳೆನೀರು ಇಲ್ಲಿ ಇಂಗಿದರೆ ಬರಗಾಲದಲ್ಲೂ ಕೆಳಗಿನ ಬೋರು ಬತ್ತುವುದಿಲ್ಲವಂತೆ. ಕೆಳಗಿನ ಬೋರು ಶಾಂತವೀರಪ್ಪನದು.

"ಬರೀ ಜಂಬಿಟ್ಟಿಗೆ ಕಲ್ಲು ಐತ್ರೀ ಗೌಡ್ರೆ. ಪಿಕಾಸಿ ಮೊಂಡಾಗ್ಯಾವೆ."

"ನಿನ್ ತಲೆನೂ ಅಷ್ಟೇ ಮೊಂಡು. ಸಂಜೆ ಇಂಜಿನಿಯರ್ ಅಳ್ಯಾಕೆ ಬರ್ತಾನೆ. ನಾಕಡಿ ಇರ್ಲಿಲ್ಲ ಅಂದ್ರೆ ಎಲ್ರ ಹಾಜರಿನೂ ಹೊಡ್ದಾಕಿಸ್ತೀನಿ."

ಗಂಡಸರೆಲ್ಲ ಶುಂಠಿ ಹೊಲಕ್ಕೆ ಹೋಗಿದ್ದರು. ಗುಂಡಿಗೆ ನಾನೊಬ್ಬ, ಹೆಂಗಸರು ಒಂಬತ್ತು ಜನ. ಅವನು ಹೋದದ್ದೇ ಸುಣ್ಣದ ಗೆರೆಯನ್ನು ಕಾಲಲ್ಲಿ ಅಳಿಸಿ, ಹತ್ತು ಮಾರು ಆಚೆ ಹೊನ್ನೆ ಮರದ ಹತ್ತಿರ ಹೊಸ ಗೆರೆ ಎಳೆದೆ. ಅಲ್ಲಿ ಗುದ್ದಲಿ ಕಾವಿನವರೆಗೆ ಇಳಿಯಿತು.

"ಇಲ್ಲಿ ಮೆತ್ತಗೈತಿ ಅಂತ ನಿಂಗೆಂಗ್ ಗೊತ್ತಾತು ಮಾಸ್ತಣ್ಣ? ನೀನೇನ್ ಹೆಗ್ಗಣನಾ?" ಬುಟ್ಟಿ ಹೊರುತ್ತಿದ್ದ ಗುಡ್ಡಮ್ಮ ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಮ್ಮೆ ಅಗೆದ ನೆಲ ಮೆತ್ತಗೇ ಇರುತ್ತದೆ. ಹೊನ್ನೆಯ ಬುಡ ಸತ್ತ ಕೂಸುಗಳ ಜಾಗ. ಮೂರು ವರ್ಷದ ಹಿಂದೆ, ಜ್ವರಕ್ಕೆ ಸತ್ತ ಗುಡ್ಡಮ್ಮನ ಮಗಳನ್ನು ಅಲ್ಲಿ ಇಳಿಸಿದ್ದು ಇದೇ ಕೈ. ನಮ್ಮಲ್ಲಿ ಹೆಂಗಸರು ಹೆಣ ಮಣ್ಣು ಮಾಡುವಲ್ಲಿಗೆ ಬರುವುದಿಲ್ಲ. ಎಲ್ಲಿ ಹೂಳಿದಿರಿ ಎಂದು ಅವಳು ಕೇಳಲಿಲ್ಲ. ಗುರುತಿನ ಕಲ್ಲುಗಳನ್ನು ಶಾಂತವೀರಪ್ಪನ ಟ್ರ್ಯಾಕ್ಟರ್ ಬೇಲಿಗೆ ಹೊತ್ತು ಹಾಕಿತ್ತು.

ಅವಳ ಮಗಳಿದ್ದ ಮೂಲೆ ತಪ್ಪಿಸಿ ಅಗೆಯೋಣ ಅಂದುಕೊಂಡಿದ್ದೆ. ಸುಳ್ಳು. ಏನೂ ಅಂದುಕೊಂಡಿರಲಿಲ್ಲ. ಹಾಜರಿ ಬೇಕಿತ್ತು.

ಸಂಜೆ ಗುಡ್ಡಮ್ಮ ಬುಟ್ಟಿ ಸುರಿದವಳು ಅಲ್ಲೇ ಕುಕ್ಕರಿಸಿದಳು. ಮಣ್ಣಲ್ಲಿ ಒಂದು ಹಿತ್ತಾಳೆ ಕಾಲ್ಗೆಜ್ಜೆ. ಕೊಂಡಿ ಮುರಿದಲ್ಲಿ ತಂತಿ ಸುತ್ತಿತ್ತು.

"ಈ ತಂತಿ ನಾನ್ ಕಟ್ಟಿದ್ದು."

ಗೆಜ್ಜೆಯನ್ನು ಸೆರಗಿನಲ್ಲಿ ಒರೆಸಿ ನನ್ನ ಕಡೆ ತಿರುಗಿದಳು.

"ಮಾಸ್ತಣ್ಣ, ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಗೆಜ್ಜೆ ಹಿಡಿದು ಗುಂಡಿಗೆ ಇಳಿದು ಕೂತಳು.

ಇಂಜಿನಿಯರ್ ಟೇಪು ಬಿಚ್ಚುತ್ತಾ ಬಂದ. "ಏಯ್, ಯಾರಮ್ಮಾ ಅದು? ಮೇಲೆ ಬಾ, ಫೋಟೋ ತೆಗೀಬೇಕು."

"ಎಬ್ಬಿಸ್ಲೇ ಆ ಮುಂಡೇನ!" ಅವನ ಹಿಂದೆಯೇ ಬಂದ ಶಾಂತವೀರಪ್ಪ ನನ್ನ ಮೇಲೆ ಅರಚಿದ.

ಗುಡ್ಡಮ್ಮ ತಲೆ ಎತ್ತಿದಳು. "ಅಳೀರಿ ಸಾಹೇಬ್ರೆ. ನನ್ ಮಗಳು ಎಷ್ಟಡಿ ಕೆಳಗದಾಳೆ, ಅದ್ನೂ ಬರ್ಕೊಳ್ರಿ. ಆಮೇಲೆ ನೀರ್ ಬಿಟ್ಕೊಂಡು ಕುಡೀರಿ."

ಟೇಪಿನ ತುದಿ ಗುಂಡಿಯ ಅಂಚಿನಲ್ಲೇ ನಿಂತಿತು. ನಾನು ಗುದ್ದಲಿ ಎಸೆದು ಕೆಳಗಿಳಿದೆ, ಅವಳ ಪಕ್ಕ ಕೂತೆ.

ಅಷ್ಟು ಸಣ್ಣ ಗುಂಡಿಯಲ್ಲೂ ಅವಳು ಸರಿದಳು, ಬೆನ್ನು ಗೋಡೆಗೆ ತಾಗುವವರೆಗೆ, ನನ್ನಿಂದ ದೂರ.