ಸೀಟಿಗೆ ಬಿದ್ದ ಟಾವೆಲ್

ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ಟಾವೆಲ್ ಒಗೆದರೆ ಸೀಟು ನಮ್ಮದು. ಅದನ್ನು ಸರಿಸಿ ಕೂಡುವ ಧೈರ್ಯ ಯಾರಿಗೂ ಇಲ್ಲ. ಅಲ್ಲಿಯ ಹಣಮಂತ ಮುಂಬೈಗೆ ಬಂದು ಬಿಲ್ಡಿಂಗುಗಳಲ್ಲಿ ನೆಲದ ಫರಶಿ ಕೂಡಿಸತೊಡಗಿ ಎಷ್ಟೋ ವರ್ಷವಾದರೂ, ಈ ಕಾಯ್ದೆ ದೇಶದ ತುಂಬ ನಡೆಯುತ್ತದೆಂದೇ ನಂಬಿದ್ದ, ಪುಣ್ಯಾತ್ಮ.

ಹೆಂಡತಿ ಶಿವಕುಮಾರಿ ತುಂಬು ಬಸುರಿ. ಸಯನ್‌ನ ಟೇಲರಿಂಗ್ ಅಂಗಡಿಯ ಕೆಲಸಕ್ಕೆ ಇನ್ನೊಂದು ವಾರ ಹೋಗಲೇಬೇಕಿತ್ತು. ಗಾಡಿಯಲ್ಲಿ ನಿಂತು ಹೋಗಬೇಡ ಎಂದು ಡಾಕ್ಟರ್ ಗದರಿದ್ದರು. ಮುಂಜಾನೆಯ ಲೋಕಲ್‌ನಲ್ಲಿ ಸೀಟು ಕೊಡಿಸುವವರು ಯಾರು? "ನಾ ಅದೀನಲ್ಲ," ಎಂದ ಹಣಮಂತ ಮುಲುಂಡ್ ಸ್ಟೇಷನ್ನಿಗೆ ಜೊತೆಯಲ್ಲೇ ಬಂದ.

ಗಾಡಿ ನಿಂತಿತು. ಲೇಡೀಸ್ ಡಬ್ಬಿಯ ಕಿಟಕಿ ಪಕ್ಕದ ಹೆಂಗಸು ಎದ್ದದ್ದೇ ತಡ, ಸರಳುಗಳ ನಡುವಿನಿಂದ ಅವನ ಟಾವೆಲ್ ಒಳಗೆ ಹಾರಿತು. "ಶಿವೂ, ಹಿಡದೀನಿ! ಹೋಗಿ ಕುಂಡ್ರು!"

ಆದರೆ ಲೋಕಲ್‌ಗೆ ಬೇರೆ ಕಾಯ್ದೆ. ಕೂತವರನ್ನು ಎಲ್ಲಿ ಇಳಿಯುತ್ತೀರೆಂದು ಮೊದಲು ಕೇಳಿದವರಿಗೇ ಆ ಸೀಟು. ಹಿಂದಿನ ಸ್ಟೇಷನ್ ಠಾಣೆಯಲ್ಲೇ ಕೇಳಿಟ್ಟಿದ್ದ ಕುಂದಾತಾಯಿ ಎಂಬ ಮರಾಠಿ ಹೆಂಗಸು ಟಾವೆಲ್ ಎತ್ತಿ ಕೂತಳು. "ಕಿಸ್ಕಾ ಹೈ ಯೇ?" ಯಾರದಿದು ಎಂದು ಸುತ್ತ ನೋಡಿದಳು.

ಸುತ್ತಲಿನವರೆಲ್ಲ ಕಿಸಕ್ಕನೆ ನಕ್ಕರು. ನೂಕುನುಗ್ಗಲಿನಲ್ಲಿ ಹೇಗೋ ಒಳಬಂದ ಶಿವಕುಮಾರಿಗೆ ನಾಚಿಕೆಯಾಯಿತು. ಗಂಡನ ಹಳ್ಳಿತನವನ್ನು ಇಷ್ಟು ಜನರೆದುರು ಒಪ್ಪಿಕೊಳ್ಳುವುದು ಹೇಗೆ? ಬ್ಯಾಗನ್ನು ಹೊಟ್ಟೆಗೆ ಅಡ್ಡ ಹಿಡಿದು ನಿಂತಳು. ಗಾಡಿ ಹೊರಟಿತು, ಸೊಂಟ ನೋಯತೊಡಗಿತು.

ಯಾರೂ ಉತ್ತರಿಸದಾಗ ಕುಂದಾತಾಯಿ ಟಾವೆಲನ್ನು ಕಿಟಕಿಯ ಹೊರಗೆ ಹಾಕಲು ಹೋದಳು. ಇಡೀ ದಿನ ಸಿಮೆಂಟ್ ಧೂಳಿನಲ್ಲಿ ಕೂಡುವ ಗಂಡ ನಾಳೆ ಮುಖ ಯಾತರಿಂದ ಒರೆಸಿಕೊಳ್ಳಬೇಕು? ಶಿವಕುಮಾರಿ ಮುಂದೆ ನುಗ್ಗಿದಳು. "ರುಕೋ! ಮೇರೇ ಆದ್ಮೀ ಕಾ ಹೈ!" ತನ್ನ ಗಂಡನದದು, ತಡೆಯಿರಿ ಎಂದು ಕೈ ಚಾಚಿದಳು. ಬ್ಯಾಗು ಸರಿದು ಹೊಟ್ಟೆ ಕಂಡಿತು.

ನಗು ನಿಂತಿತು. ಕುಂದಾತಾಯಿ ದಡಬಡಿಸಿ ಎದ್ದಳು. "ಪಹಲೇ ಬೋಲ್ನೇ ಕಾ ನಾ, ಪಗಲೀ!" ಮೊದಲೇ ಹೇಳಬಾರದಿತ್ತೇ ಎಂದು ಗದರಿ, ರಟ್ಟೆ ಹಿಡಿದು ಅವಳನ್ನು ಕೂಡಿಸಿ, ತಾನು ಗರ್ದಿಯ ನೂಕಾಟದಲ್ಲಿ ನಿಂತಳು.

ಭಾಂಡುಪ್ ದಾಟುವಷ್ಟರಲ್ಲಿ ಹಣಮಂತನ ಫೋನ್ ಬಂತು. "ಸೀಟ್ ಸಿಕ್ತೇನ?"

"ಸಿಕ್ತ್ರಿ."

"ನೋಡಿದೇನ? ಟಾವೆಲ್ ಬಿದ್ದ ಸೀಟಿಗಿ ಮುಂಬೈದಾಗೂ ಯಾರೂ ಕೈ ಹಚ್ಚಂಗಿಲ್ಲ!"

ಶಿವಕುಮಾರಿ ತಲೆ ಎತ್ತಿ, ಬೆವರುತ್ತ ನಿಂತಿದ್ದ ಕುಂದಾತಾಯಿಯನ್ನು ನೋಡಿದಳು. ಇಡೀ ಡಬ್ಬಿ ಕಿವಿಗೊಟ್ಟಿದ್ದರೂ ದನಿ ತಗ್ಗಿಸಲಿಲ್ಲ.

"ಖರೇನ ನೋಡ್ರಿ," ಎಂದಳು. "ನಾಳೆನೂ ನೀವೇ ಬರ್ರಿ."